ಹಾಸನದ ಒಂದು ಲಿನಕ್ಸ್ ಲ್ಯಾಬು, ಅರವತ್ತು ವಿಎಂ, ಒಂದು ಚಿಕ್ಕ ಕಮಾಂಡು

ಹಾಸನದಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜು, ಹೆಸರು ಬೇಡ ಬಿಡಿ. ಅಲ್ಲಿ ಕಂಪ್ಯೂಟರ್ ಸೈನ್ಸ್ ಹುಡುಗ್ರಿಗೆ ಲಿನಕ್ಸ್ ಲ್ಯಾಬಲ್ಲಿ ತಲಾ ಒಂದು ವರ್ಚುಯಲ್ ಮಿಶಿನ್ (ವಿಎಂ, ಅಂದ್ರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರಲ್ಲೇ ಓಡೋ ಇನ್ನೊಂದು ಕಂಪ್ಯೂಟರ್) ಕೊಡೋ ಕೆಲಸ ಕೈಮೀರಿ ಹೋಗಿತ್ತು. ಅದಕ್ಕೆ ಒಂದು ಕಮಾಂಡ್ ಲೈನ್ ಟೂಲ್ ಮಾಡಿ ಕೊಟ್ಟಿದ್ದು, ಅದ್ರಿಂದ ಏನು ಸರಿ ಹೋಯ್ತು, ಸರಿ ಹೋದ ಮೇಲೆ ಇನ್ನೇನು ಹೊಸದಾಗಿ ಕೆಟ್ಟಿತು, ಎಲ್ಲಾ ಬರೀತಿದೀನಿ. ಇದೇ ತರ ಒಂದು ಸರ್ವರ್, ಒಬ್ರು ಲ್ಯಾಬ್ ಇನ್‌ಸ್ಟ್ರಕ್ಟರ್, ಹಳೇ ಪಿಸಿಗಳು ಅಂತ ಇರೋ ಕಾಲೇಜು ನಮ್ಮ ಜಿಲ್ಲೆಲಿ ಬೇಕಾದಷ್ಟಿವೆ, ಚಿಕ್ಕಮಗಳೂರಲ್ಲೂ ಇವೆ, ಯಾರಿಗಾದ್ರೂ ಉಪಯೋಗ ಆಗ್ಬಹುದು.

ಮೊದಲು ಹೇಗಿತ್ತು ಅಂತ ಹೇಳ್ತೀನಿ. ಲ್ಯಾಬಲ್ಲಿ ಮೂವತ್ತು ಪಿಸಿ, ಎಲ್ಲಾ 4 ಜಿಬಿ ರ‍್ಯಾಮಿನ ಹಳೇ ಡಬ್ಬಗಳು. ಅದ್ರಲ್ಲೇ ವರ್ಚುಯಲ್‌ಬಾಕ್ಸ್ ಹಾಕಿ ಒಳಗೊಂದು ಉಬುಂಟು ಓಡಿಸಿದ್ರೆ ಪಕ್ಕದಲ್ಲಿ ಬ್ರೌಸರ್ ಓಪನ್ ಮಾಡಿದ ತಕ್ಷಣ ಪಿಸಿ ನಿಂತೋಗ್ತಿತ್ತು. ಸುಮಾರು ಪಿಸಿಗಳಲ್ಲಿ ಬಯೋಸ್ ಒಳಗೆ ವಿಟಿ-ಎಕ್ಸ್ (ವಿಎಂ ಓಡ್ಸೋಕೆ ಪ್ರೊಸೆಸರ್ ಕೊಡೋ ಸಹಾಯ) ಆಫ್ ಆಗೇ ಇತ್ತು, ಅದನ್ನ ಆನ್ ಮಾಡೋಣ ಅಂದ್ರೆ ಬಯೋಸ್ ಪಾಸ್‌ವರ್ಡ್ ಗೊತ್ತಿದ್ದವ್ರು ಕಾಲೇಜು ಬಿಟ್ಟು ಹೋಗಿದಾರೆ. ಹಂಗಾಗಿ ಡಿಪಾರ್ಟ್‌ಮೆಂಟ್‌ನವ್ರು ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ತಂದ್ರು, 64 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಅದ್ರ ಮೇಲೆ ಲಿನಕ್ಸು, ಕೆವಿಎಂ, ಲಿಬ್‌ವರ್ಟ್. ಗೊತ್ತಿಲ್ದವ್ರಿಗೆ ಒಂದೇ ಉಸಿರಲ್ಲಿ ಹೇಳೋದಾದ್ರೆ, ಕೆವಿಎಂ ಅನ್ನೋದು 2007ರಲ್ಲಿ ಬಂದ 2.6.20 ಕರ್ನಲ್ಲಿಂದ ಲಿನಕ್ಸ್ ಒಳಗೇ ಇರೋ ಹೈಪರ್‌ವೈಸರ್, ಅಂದ್ರೆ ವಿಎಂ ಓಡ್ಸೋ ಭಾಗ, ಡಿಸ್ಕು ನೆಟ್‌ವರ್ಕ್ ಕಾರ್ಡು ಎಲ್ಲಾ ಇರೋ ತರ ವಿಎಂಗೆ ತೋರ್ಸೋದು ಕ್ಯೂಎಮು, ಇವೆರಡನ್ನೂ ಸಂಭಾಳ್ಸೋದು ಲಿಬ್‌ವರ್ಟ್, ಲಿಬ್‌ವರ್ಟ್ ಜೊತೆ ಟರ್ಮಿನಲ್ಲಿಂದ ಮಾತಾಡೋದು ವರ್ಶ್, ಮೌಸಲ್ಲಿ ಮಾಡೋದು ವರ್ಟ್-ಮ್ಯಾನೇಜರ್.

ಇನ್‌ಸ್ಟ್ರಕ್ಟರ್ ಮೇಡಂ ಎಲ್ಲಾ ವರ್ಟ್-ಮ್ಯಾನೇಜರಲ್ಲೇ ಮಾಡ್ತಿದ್ರು. ಒಂದು ಉಬುಂಟು ಸರ್ವರ್ ಇನ್‌ಸ್ಟಾಲ್ ಮಾಡಿ, ರೈಟ್ ಕ್ಲಿಕ್ ಮಾಡಿ ಕ್ಲೋನ್, ಮತ್ತೆ ರೈಟ್ ಕ್ಲಿಕ್, ಕ್ಲೋನ್, ಹಿಂಗೇ ಅರವತ್ತು ಸಲ. ಒಂದೊಂದು ಕ್ಲೋನೂ ಪೂರ್ತಿ ಡಿಸ್ಕ್ ಕಾಪಿ, ಅರ್ಧ ಸೆಮಿಸ್ಟರ್ ಆಗೋ ಹೊತ್ತಿಗೆ ಎಸ್‌ಎಸ್‌ಡಿ ತುಂಬಿ ಕೂತಿತ್ತು. ಯಾವನೋ ಒಬ್ಬ ಹುಡುಗ ಮಿಶಿನ್ ಕೆಡಿಸಿಕೊಂಡ ಅಂದ್ರೆ ಮತ್ತೆ ಡಿಲೀಟ್, ಮತ್ತೆ ಕ್ಲೋನ್, ಅಷ್ಟು ಹೊತ್ತು ಅವನು ಪಕ್ಕದವನ ಸ್ಕ್ರೀನ್ ನೋಡ್ಕೊಂಡು ಕೂರ್ಬೇಕು. ಎರಡು ಗಂಟೆ ಲ್ಯಾಬಲ್ಲಿ ನಾಲ್ಕು ಜನ ಕೆಡಿಸಿದ್ರೆ ಮೇಡಂಗೆ ಪಾಠ ಮಾಡೋಕೆ ಟೈಮೇ ಇಲ್ಲ. ಕೊನೆಗೆ ರೂಲ್ ಬಂತು, ಯಾರಿಗೂ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡ್ಸೋ ಅನುಮತಿ) ಇಲ್ಲ.

ನನ್ನ ಪ್ರಕಾರ ಈ ಪ್ರಕರಣದ ತಿರುಳೇ ಇದು. ಸುಡೊ ಇಲ್ದೆ ಇರೋ ಲಿನಕ್ಸ್ ಲ್ಯಾಬಲ್ಲಿ ಹುಡುಗ್ರು ಏನು ಕಲೀತಾರೆ ಹೇಳಿ. ಎಲ್‌ಎಸ್, ಕ್ಯಾಟ್, ಗ್ರೆಪ್. ಯೂಸರ್ ಸೇರ್ಸೋದು, ಡಿಸ್ಕ್ ಪಾರ್ಟಿಷನ್ ಮಾಡಿ ಮೌಂಟ್ ಮಾಡೋದು, ಫೈರ್‌ವಾಲ್ ಹಾಕೋದು, ಸರ್ವೀಸ್ ಯಾಕೆ ಏಳ್ತಿಲ್ಲ ಅಂತ ಲಾಗ್ ನೋಡೋದು, ಇದ್ಯಾವುದೂ ಇಲ್ಲ, ಎಲ್ಲಾ ಮೇಡಂ ಪ್ರೊಜೆಕ್ಟರಲ್ಲಿ ತೋರಿಸ್ತಾರೆ, ಹುಡುಗ್ರು ರೆಕಾರ್ಡ್ ಬುಕ್ಕಲ್ಲಿ ಬರ್ಕೊತಾರೆ. ಕೆಟ್ಟ ಮಿಶಿನ್ ಸರಿ ಮಾಡೋದು ಕಷ್ಟ ಅನ್ನೋ ಒಂದೇ ಕಾರಣಕ್ಕೆ ಸಿಲಬಸ್ಸಿನ ಅರ್ಧ ಪ್ರೊಜೆಕ್ಟರ್ ಪಾಲಾಗಿತ್ತು. ಹಂಗಾಗಿ ನನ್ನ ಹತ್ರ ಬಂದಾಗ ಅವ್ರು ಕೇಳಿದ್ದು "ವಿಎಂ ಬೇಗ ಮಾಡೋಕೆ ಏನಾದ್ರೂ ಇದ್ಯಾ ಸಾರ್" ಅಂತ, ಆದ್ರೆ ಬೇಕಾಗಿದ್ದು ಬೇಗ ಬಿಸಾಕೋಕೆ.

ಅದಕ್ಕೂ ಮುಂಚೆ ಒಂದು ವಿಚಿತ್ರ ತೊಂದ್ರೆ ಇತ್ತು, ಅದನ್ನ ಹೇಳಲೇಬೇಕು. ಮೇಡಂ ಹೇಳಿದ್ದು ಹಿಂಗೆ: "ಸಾರ್, ಹುಡುಗ್ರು ಫೈಲ್ ಮಾಡ್ತಾರೆ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದ್ರೆ ಫೈಲ್ ಇರಲ್ಲ, ಆಮೇಲೆ ಇನ್ನೊಂದ್ಸಲ ಲಾಗಿನ್ ಆದ್ರೆ ಇರುತ್ತೆ." ಕೇಳಿದವ್ರು ಯಾರೇ ಆದ್ರೂ ಹುಡುಗ್ರು ಸುಳ್ಳು ಹೇಳ್ತಿದಾರೆ ಅಂತಾರೆ, ಡಿಪಾರ್ಟ್‌ಮೆಂಟಲ್ಲೂ ಹಂಗೇ ಅಂದ್ಕೊಂಡಿದ್ರು. ಸರ್ವರಲ್ಲಿ ವರ್ಶ್‌ಗೆ ಡಿಎಚ್‌ಸಿಪಿ ಲೀಸ್ ಪಟ್ಟಿ (ಯಾವ ಮಿಶಿನ್ನಿಗೆ ಯಾವ ಐಪಿ ಅಡ್ರೆಸ್ ಕೊಟ್ಟಿದೆ ಅನ್ನೋ ಲೆಕ್ಕ) ಕೇಳಿ ನೋಡಿದ್ರೆ ಓಡ್ತಿರೋ ಮಿಶಿನ್ ಹತ್ತು, ಪಟ್ಟಿಲಿ ಇರೋ ಲೀಸ್ ಒಂದು! ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು ನಂಬರು) ಎಲ್ಲಾ ಬೇರೆ ಬೇರೆನೇ ಇದೆ, ಕ್ಲೋನ್ ಮಾಡೋವಾಗ ಲಿಬ್‌ವರ್ಟೇ ಹೊಸ ಮ್ಯಾಕ್ ಕೊಟ್ಟಿರುತ್ತೆ. ಆದ್ರೆ ಕೊನೆ ಕಾಲಮ್ಮಲ್ಲಿ ಕ್ಲೈಂಟ್ ಐಡಿ ಅಂತ ಎಫ್‌ಎಫ್ ಇಂದ ಶುರುವಾಗೋ ಒಂದು ಉದ್ದ ನಂಬರ್ ಇರುತ್ತಲ್ಲ, ಗುಟ್ಟಿರೋದು ಅಲ್ಲಿ. ಉಬುಂಟು ಸರ್ವರಲ್ಲಿ ಐಪಿ ಕೇಳೋದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಅದು ಮ್ಯಾಕ್ ತೋರಿಸಿ ಐಪಿ ಕೇಳಲ್ಲ, ಮಿಶಿನ್-ಐಡಿ ಅಂತ ಒಂದು ಫೈಲ್ ಇದೆ, ಅದ್ರಿಂದ ಒಂದು ಗುರುತು ಮಾಡ್ಕೊಂಡು ಅದನ್ನ ತೋರಿಸಿ ಕೇಳುತ್ತೆ. ಇನ್‌ಸ್ಟಾಲ್ ಆದ ಮೇಲೆ ಕ್ಲೋನ್ ಮಾಡಿದ್ರೆ ಆ ಫೈಲೂ ಕ್ಲೋನ್ ಆಗಿರುತ್ತೆ. ಸರ್ವರಲ್ಲಿ ಐಪಿ ಹಂಚೋ ಡಿಎನ್‌ಎಸ್‌ಮಾಸ್ಕ್ ಪಾಪ, ಓಹೋ ಅದೇ ಮಿಶಿನ್ ಮತ್ತೆ ಬಂತು ಅಂತ ಎಲ್ರಿಗೂ ಅದೇ ಐಪಿ ಕೊಟ್ಟು ಕಳಿಸ್ತಿತ್ತು.

ಒಂದೇ ಐಪಿ ಎರಡು ಮಿಶಿನ್ನಿಗೆ ಇದ್ರೆ ದೂರದ ಮಿಶಿನ್ನಿಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಮಾಮೂಲಿಯಾಗಿ ಕೂಗಾಡುತ್ತೆ, ಹೋಸ್ಟ್ ಕೀ (ಆ ಮಿಶಿನ್ನಿನ ಗುರುತಿನ ಕೀ) ಬದಲಾಗಿದೆ ಹುಷಾರು ಅಂತ. ಇಲ್ಲಿ ಕೂಗ್ಲೇ ಇಲ್ಲ, ಯಾಕಂದ್ರೆ ಹೋಸ್ಟ್ ಕೀಗಳೂ ಕ್ಲೋನ್! ಯೂಸರ್ ನೇಮು ಒಂದೇ, ಪಾಸ್‌ವರ್ಡೂ ಒಂದೇ. ಹಂಗಾಗಿ ಹುಡುಗ ಒಂದ್ಸಲ ತನ್ನ ಮಿಶಿನ್ನಿಗೆ, ಇನ್ನೊಂದ್ಸಲ ಬೇರೆಯವನ ಮಿಶಿನ್ನಿಗೆ ಹೋಗ್ತಿದ್ದ, ಅವನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಹುಡುಗ್ರು ಹೇಳಿದ್ದು ಅಕ್ಷರಶಃ ನಿಜ. ಪರಿಹಾರ ಇಷ್ಟೇ, ಬೇಸ್ ಮಿಶಿನ್ ಆಫ್ ಮಾಡಿ ಅದ್ರ ಮೇಲೆ ವರ್ಟ್-ಸಿಸ್‌ಪ್ರೆಪ್ ಓಡ್ಸೋದು, ಅದು ಮಿಶಿನ್-ಐಡಿ, ಹೋಸ್ಟ್ ಕೀ, ಹಳೇ ಲಾಗು ಎಲ್ಲಾ ಒರೆಸಿ ಹಾಕುತ್ತೆ. ಆಫ್ ಮಾಡಿ ಅಂದಿದ್ದನ್ನ ಮರೀಬೇಡಿ, ಓಡ್ತಿರೋ ಮಿಶಿನ್ ಮೇಲೆ ಓಡಿಸಿದ್ರೆ ಡಿಸ್ಕೇ ಹಾಳಾಗುತ್ತೆ.

ಸರಿ, ಟೂಲ್ ವಿಷಯ. ಹೊಸದಾಗಿ ಯಾಕೆ ಬರೀಬೇಕು, ಇರೋದೇ ಬೇಕಾದಷ್ಟಿದ್ಯಲ್ಲ ಅಂತ ಎಚ್‌ಓಡಿ ಸರ್ ಕೇಳಿದ್ರು, ನ್ಯಾಯವಾದ ಪ್ರಶ್ನೆನೇ. ವೇಗ್ರಂಟ್ ನೋಡಿದ್ವಿ. ಮಿಚೆಲ್ ಹಶಿಮೊಟೊ 2010ರಲ್ಲಿ ಶುರು ಮಾಡಿದ್ದು, ಒಂದು ಫೋಲ್ಡರಲ್ಲಿ ಒಂದು ಫೈಲ್ ಬರೆದಿಟ್ಟು ಅಪ್ ಅಂದ್ರೆ ಮಿಶಿನ್ ಎದ್ದು ನಿಲ್ಲುತ್ತೆ, ಡೆವಲಪರ್ ಲ್ಯಾಪ್‌ಟಾಪಿಗೆ ಅದಕ್ಕಿಂತ ಸುಖ ಇಲ್ಲ. ಆದ್ರೆ ಅದು ಮೂಲತಃ ವರ್ಚುಯಲ್‌ಬಾಕ್ಸ್ ಜೊತೆ ಸಂಸಾರ ಮಾಡೋದು, ಲಿಬ್‌ವರ್ಟ್ ಬೇಕಂದ್ರೆ ಪ್ಲಗಿನ್ ಹಾಕ್ಬೇಕು, 2023ರಲ್ಲಿ ಲೈಸೆನ್ಸ್ ಬೇರೆ ಬದಲಾಯ್ತು, ಕಾಲೇಜು ಲ್ಯಾಬಿಗೆ ಲೈಸೆನ್ಸ್ ಬದಲಾವಣೆಯಿಂದ ಏನೂ ತೊಂದ್ರೆ ಇಲ್ಲ ಆದ್ರೂ ಹೇಳ್ತಿದೀನಿ. ಮಲ್ಟಿಪಾಸ್ ಕೆನಾನಿಕಲ್ಲಿಂದು, ಇನ್ನೂ ಸುಲಭ, ಆದ್ರೆ ಅದೂ ಒಬ್ಬರ ಮಿಶಿನ್ನಲ್ಲಿ ಒಬ್ಬರಿಗೆ ನಾಲ್ಕು ಉಬುಂಟು ಬೇಕು ಅನ್ನೋವಾಗ ಚೆಂದ. ಪ್ರಾಕ್ಸ್‌ಮಾಕ್ಸ್ ಹಾಕಿದ್ರೆ ಬ್ರೌಸರಲ್ಲೇ ಎಲ್ಲಾ ಆಗುತ್ತೆ, ನಂಗೂ ಅದು ಇಷ್ಟನೇ, ಆದ್ರೆ ಸರ್ವರ್ ಪೂರ್ತಿ ಒರೆಸಿ ಹಾಕ್ಬೇಕು, ಅದೇ ಸರ್ವರಲ್ಲಿ ಡಿಪಾರ್ಟ್‌ಮೆಂಟಿನ ಫೈಲ್ ಶೇರು ಇದೆ, ಸೆಮಿಸ್ಟರ್ ಮಧ್ಯೆ ಯಾರೂ ಒಪ್ಪಲ್ಲ. ಡಾಕರ್ ಯಾಕೆ ಬೇಡ ಅಂತ ಕೇಳ್ತೀರ, ಹುಡುಗ್ರು ಕರ್ನಲ್ ಮಾಡ್ಯೂಲ್ ಹಾಕ್ಬೇಕು, ಪಾರ್ಟಿಷನ್ ಮಾಡ್ಬೇಕು, ಬೂಟ್ ಆಗ್ದೇ ಇದ್ರೆ ಬೂಟ್ ಲೋಡರ್ ಗ್ರಬ್ಬಲ್ಲಿ ಕೂತು ಒದ್ದಾಡ್ಬೇಕು, ಡಾಕರ್ ಕೊಡೋದು ಕಂಟೇನರ್, ಅದಕ್ಕೆ ತನ್ನದೇ ಕರ್ನಲ್ ಇರಲ್ಲ, ಅದ್ರಲ್ಲಿ ಆಗೋ ಕೆಲಸ ಅಲ್ಲ ಇದು.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಈ ಟೂಲ್ ಯಾವುದಕ್ಕೂ ರೋಲ್ ನಂಬರ್ ಗೊತ್ತಿಲ್ಲ. ಮೇಡಂ ತಲೇಲಿ ಇರೋದು "ಹದಿನೇಳನೇ ನಂಬರ್ ಹುಡುಗನ ಮಿಶಿನ್", "ಬಿ ಬ್ಯಾಚ್ ಎಲ್ಲಾ ಆಫ್ ಮಾಡು", ಅಷ್ಟೇ. ಅದನ್ನ ಅರ್ಥ ಮಾಡ್ಕೊಳೋ ಕಮಾಂಡ್ ಬೇಕಿತ್ತು, ಕೆಳಗೆ ಕೆಲಸ ಮಾಡೋಕೆ ವರ್ಶು, ವರ್ಟ್-ಇನ್‌ಸ್ಟಾಲು, ಕ್ಯೂಎಮು-ಇಮೇಜು ಆಗ್ಲೇ ಇವೆ. ಹಂಗಾಗಿ ಬ್ಯಾಶಲ್ಲಿ ಒಂದು ಸ್ಕ್ರಿಪ್ಟು, ಹೆಸರು ವಿಎಂ. ಅದ್ರ ಒಳಗಿನ ಪದಗಳು ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದು: ಹೊಸ, ಹಚ್ಚು, ಆರ್ಸು, ಒಳಗೆ, ಪಟ್ಟಿ, ಬಿಸಾಕು. "ವಿಎಂ ಹೊಸ 17" ಅಂದ್ರೆ ಹದಿನೇಳಕ್ಕೆ ಹೊಸ ಮಿಶಿನ್, "ವಿಎಂ ಆರ್ಸು ಬಿ" ಅಂದ್ರೆ ಬಿ ಬ್ಯಾಚ್ ಪೂರ್ತಿ ಆಫ್. ಇದು ಮೇಡಂ ಐಡಿಯಾನೇ. ವರ್ಶಲ್ಲಿ ಕರೆಂಟ್ ಕಿತ್ತ ಹಾಗೆ ಆಫ್ ಮಾಡೋದಕ್ಕೆ ಡಿಸ್ಟ್ರಾಯ್ ಅಂತ ಇದೆ, ಅದು ಏನನ್ನೂ ಅಳಿಸಲ್ಲ, ಆದ್ರೂ ಅದನ್ನ ಟೈಪ್ ಮಾಡೋಕೆ ಅವ್ರಿಗೆ ಕೈ ನಡುಗ್ತಿತ್ತಂತೆ. ಕನ್ನಡ ಪದದಲ್ಲಿ ಒಂದೇ ಎಡವಟ್ಟು, ಹಚ್ಚು ಅನ್ನೋದನ್ನ ಒಬ್ರು ಒಂದು ಸಿ ಹಾಕಿ ಬರೀತಾರೆ, ಒಬ್ರು ಎರಡು ಸಿ, ಇನ್ನೊಬ್ರು ಸಿಎಚ್ ಎರಡು ಸಲ. ಹಂಗಾಗಿ ಎಚ್ ಎ ಸಿ ಇಂದ ಶುರುವಾದ್ರೆ ಸಾಕು ಅಂತ ಮಾಡಿದ್ದಾಯ್ತು. ಬಿಸಾಕು ಮಾತ್ರ ಪೂರ್ತಿ ಸರಿಯಾಗಿ ಬರೀಲೇಬೇಕು, ರೋಲ್ ನಂಬರ್ ಎರಡನೇ ಸಲ ಕೇಳುತ್ತೆ.

ಒಳಗೆ ಏನು ನಡಿಯುತ್ತೆ ಅಂದ್ರೆ, ಬೇಸ್ ಇಮೇಜ್ ಒಂದೇ, ಡೆಬಿಯನ್ 12 ಲಿನಕ್ಸಿನ ಕ್ಲೌಡ್ ಇಮೇಜು (ಮೊದಲೇ ಇನ್‌ಸ್ಟಾಲ್ ಆಗಿರೋ ರೆಡಿ ಡಿಸ್ಕ್ ಫೈಲು), ಲ್ಯಾಬಿಗೆ ಬೇಕಾದ ಪ್ಯಾಕೇಜ್ ಎಲ್ಲಾ ವರ್ಟ್-ಕಸ್ಟಮೈಜಲ್ಲಿ ಮೊದಲೇ ಹಾಕಿಟ್ಟಿದ್ದು. ಪ್ರತಿ ಹುಡುಗನಿಗೂ ಇದ್ರ ಕಾಪಿ ಮಾಡಲ್ಲ, ಇದನ್ನ ಕೆಳಗಿಟ್ಕೊಂಡು ಮೇಲೊಂದು ಕ್ಯೂಕೌ2 ಓವರ್‌ಲೇ ಫೈಲ್ ಮಾಡುತ್ತೆ. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆದ ಹಾಗೆ, ಹುಡುಗ ಬದಲಾಯಿಸಿದ್ದು ಮಾತ್ರ ಮೇಲಿನ ಫೈಲಲ್ಲಿ ಬೀಳುತ್ತೆ, ಕೆಳಗಿಂದು ಹಾಗೇ ಇರುತ್ತೆ. ಹೊಸ ಓವರ್‌ಲೇ ಡಿಸ್ಕಲ್ಲಿ ತಗೊಳೋದು ಇನ್ನೂರು ಕೆಬಿ ಆಸುಪಾಸು, ಮಾಡೋಕೆ ಕಣ್ಣು ಮಿಟುಕಿಸೋಷ್ಟು ಟೈಮು. ಹಿಂದೆ ಅರವತ್ತು ಪೂರ್ತಿ ಕಾಪಿ ತುಂಬಿಕೊಂಡಿದ್ದ ಎಸ್‌ಎಸ್‌ಡಿ ಈಗ ಬಹುಪಾಲು ಖಾಲಿ. ಇದನ್ನ ಕೈಲಿ ಮಾಡಿ ನೋಡೋವ್ರಿಗೆ ಒಂದು ಮಾತು, ಕ್ಯೂಎಮು 6.1 ಇಂದ ಈಚೆಗೆ ಕೆಳಗಿನ ಫೈಲ್ ಯಾವ ಫಾರ್ಮ್ಯಾಟ್ ಅಂತ ಕ್ಯಾಪಿಟಲ್ ಎಫ್ ಆಪ್ಷನಲ್ಲಿ ಹೇಳಲೇಬೇಕು, ನೆಟ್ಟಲ್ಲಿ ಸಿಗೋ ಹಳೇ ಉದಾಹರಣೆಗಳಲ್ಲಿ ಅದು ಇರಲ್ಲ, ಎರರ್ ಬಂದ್ರೆ ಗಾಬರಿ ಬೇಡ.

ಯೂಸರ್ ನೇಮು, ಹೋಸ್ಟ್ ನೇಮು, ಕೀ ಇದೆಲ್ಲಾ ಮಿಶಿನ್ ಮೊದಲ ಸಲ ಏಳೋವಾಗ ಕ್ಲೌಡ್-ಇನಿಟ್ ಹಾಕುತ್ತೆ, ಸಿಐಡೇಟಾ ಅಂತ ಲೇಬಲ್ ಇರೋ ಒಂದು ಪುಟಾಣಿ ಐಎಸ್‌ಓ ಜೊತೆಗೆ ಸಿಕ್ಕಿಸಿದ್ರೆ ಅದನ್ನ ಓದ್ಕೊಳುತ್ತೆ. ಐಪಿ ಅಡ್ರೆಸ್ಸೂ ರೋಲ್ ನಂಬರ್ ಪ್ರಕಾರ, ಹದಿನೇಳಕ್ಕೆ 192.168.122.117. ಮ್ಯಾಕ್ ಅಡ್ರೆಸ್ 52:54:00 ಇಂದ ಶುರು, ಅದು ಕ್ಯೂಎಮು ವಾಡಿಕೆ, ಕೊನೇಲಿ ರೋಲ್ ನಂಬರು. ಎಷ್ಟು ಚೆನ್ನಾಗಿದೆ ಅನ್ಕೊಳೋ ಹೊತ್ತಿಗೆ ಲ್ಯಾಟರಲ್ ಎಂಟ್ರಿ ಹುಡುಗ್ರು ಬಂದ್ರು. ಡಿಪ್ಲೊಮಾ ಮುಗಿಸಿ ಸೀದಾ ಎರಡನೇ ವರ್ಷಕ್ಕೆ ಸೇರೋವ್ರಿಗೆ ವಿಟಿಯು ಯುಎಸ್‌ಎನ್ (ಯೂನಿವರ್ಸಿಟಿ ಕೊಡೋ ರಿಜಿಸ್ಟರ್ ನಂಬರು) ಕೊನೇಲಿ 400 ಇಂದ ನಂಬರ್ ಕೊಡೋದು, ಐಪಿಯ ಒಂದು ಭಾಗದಲ್ಲಿ 255ರ ಮೇಲೆ ಜಾಗನೇ ಇಲ್ಲ! ಲೆಕ್ಕಾಚಾರ ಬಿಟ್ಟು ಒಂದು ಟೆಕ್ಸ್ಟ್ ಫೈಲಲ್ಲಿ ಯುಎಸ್‌ಎನ್, ಐಪಿ, ಬ್ಯಾಚ್ ಅಂತ ಪಟ್ಟಿ ಇಟ್ಟಿದ್ದು, ಅದೇ ಒಳ್ಳೇದಾಯ್ತು, ಬ್ಯಾಚ್ ಬದಲಾದ್ರೆ ಮೇಡಂ ಆ ಫೈಲ್ ತಿದ್ದುತಾರೆ, ನಂಗೆ ಫೋನೂ ಬರಲ್ಲ.

ಬಿಸಾಕಿದ್ರೆ ಹುಡುಗ ಬರೆದಿದ್ದೆಲ್ಲಾ ಹೋಗುತ್ತಲ್ಲ ಅಂತ ಕೇಳ್ಬಹುದು. ಅದಕ್ಕೆ ಪ್ರತಿ ಮಿಶಿನ್ನಿಗೆ ಎರಡು ಡಿಸ್ಕ್. ಒಂದು ಸಿಸ್ಟಮ್ಮು, ಅದು ಬಿಸಾಕೋಕೇ ಇರೋದು. ಇನ್ನೊಂದು 1 ಜಿಬಿದು, ಹೋಮ್ ಫೋಲ್ಡರ್ ಮಾತ್ರ ಅದ್ರಲ್ಲಿ, ಅದನ್ನ ಬಿಸಾಕು ಕಮಾಂಡ್ ಮುಟ್ಟೋದೇ ಇಲ್ಲ. ಹೊಸ ಮಿಶಿನ್ ಎದ್ದಾಗ ಹಳೇ ಹೋಮ್ ಡಿಸ್ಕನ್ನೇ ಮೌಂಟ್ ಮಾಡ್ಕೊಳುತ್ತೆ, ಯೂಸರ್ ಐಡಿ ಯಾವಾಗ್ಲೂ 1000 ಆಗಿರೋದ್ರಿಂದ ಪರ್ಮಿಷನ್ ಗಲಾಟೆ ಇಲ್ಲ. ಸಿಸ್ಟಮ್ ಡಿಸ್ಕಿಗೆ ಕ್ಯಾಶ್ ಮೋಡ್ ಅನ್‌ಸೇಫ್ ಇಟ್ಟಿದೀವಿ, ಹೆಸರು ಕೇಳಿ ಹೆದ್ರಬೇಡಿ, ಡಿಸ್ಕಿಗೆ ಬರೆದಾಯ್ತಾ ಅಂತ ಪ್ರತಿ ಸಲ ಕಾಯೋದನ್ನ ಬಿಡುತ್ತೆ ಅಷ್ಟೇ, ಸ್ಪೀಡ್ ಬರುತ್ತೆ, ಕರೆಂಟ್ ಹೋದ್ರೆ ಕೆಡಬಹುದು, ಕೆಟ್ಟರೆ ಹೇಗೂ ಬಿಸಾಕೋದೇ. ಹೋಮ್ ಡಿಸ್ಕಿಗೆ ಆ ಆಟ ಇಲ್ಲ.

ಹುಡುಗ್ರು ಒಳಗೆ ಹೋಗೋದು ಹೇಗೆ ಅನ್ನೋದೂ ಮುಖ್ಯ. ಲಿಬ್‌ವರ್ಟಿನ ಮಾಮೂಲಿ ನೆಟ್‌ವರ್ಕ್ ನ್ಯಾಟ್, ಅಂದ್ರೆ ವಿಎಂಗಳು ಸರ್ವರಿನ ಮರೇಲಿ ಇರ್ತವೆ, ಲ್ಯಾಬ್ ಪಿಸಿಯಿಂದ ಸೀದಾ ವಿಎಂಗೆ ದಾರಿ ಇಲ್ಲ. ಹಾಗಂತ ಹುಡುಗ್ರನ್ನ ಸರ್ವರಲ್ಲಿ ಲಿಬ್‌ವರ್ಟ್ ಗ್ರೂಪಿಗೆ ಸೇರಿಸಿಬಿಟ್ರೆ ಸರ್ವರಿನ ರೂಟ್ ಕೊಟ್ಟ ಹಾಗೇನೇ, ಅದನ್ನ ಯಾವ ಕಾರಣಕ್ಕೂ ಮಾಡ್ಬೇಡಿ. ಇಲ್ಲಿ ಮಾಡಿದ್ದು ಏನಂದ್ರೆ, ಹುಡುಗ ಸರ್ವರಿಗೆ ಎಸ್‌ಎಸ್‌ಎಚ್ ಮಾಡಿದ್ರೆ ಅವನಿಗೆ ಶೆಲ್ ಸಿಗಲ್ಲ, ಒಂದು ಮೆನು ಬರುತ್ತೆ: ಒಳಗೆ ಹೋಗು, ಕನ್ಸೋಲ್ ನೋಡು, ಬಿಸಾಕಿ ಹೊಸದು ತಗೋ. ಯಾರ ಮಿಶಿನ್ ಅನ್ನೋದನ್ನ ಅವನು ಟೈಪ್ ಮಾಡೋ ಹಾಗಿಲ್ಲ, ಲಾಗಿನ್ ಹೆಸರಿಂದನೇ ತಗೊಳುತ್ತೆ, ಹಂಗಾಗಿ ಪಕ್ಕದವನ ಮಿಶಿನ್ ಬಿಸಾಕೋ ಕಿತಾಪತಿಗೆ ಅವಕಾಶ ಇಲ್ಲ. ಹುಡುಗ ತಾನೇ ಬಿಸಾಕಿ ತಾನೇ ಹೊಸದು ತಗೊಳೋ ಈ ಮೂರನೇ ಆಯ್ಕೆನ ಮೊದಲು ಎಚ್‌ಓಡಿ ಸರ್ ಬೇಡ ಅಂದ್ರು, ಮೇಡಂ ಬೇಕೇ ಬೇಕು ಅಂದ್ರು. ಮೇಡಂ ಗೆದ್ರು.

ಅದಾದ ಮೇಲೆ ಎಲ್ರಿಗೂ ಸುಡೊ. ಮೊದಲ ವಾರನೇ ಒಬ್ಬ ಪುಣ್ಯಾತ್ಮ ಚ್‌ಮಾಡ್ ಹೈಫನ್ ಆರ್ 777 ಸ್ಲ್ಯಾಶ್ ಅಂತ ಹೊಡೆದ, ಯಾವುದೋ ಫೈಲಿಗೆ ಪರ್ಮಿಷನ್ ಡಿನೈಡ್ ಬಂತಂತೆ, ಅದಕ್ಕೆ ಎಲ್ಲಕ್ಕೂ ಕೊಟ್ಟುಬಿಟ್ಟ. ಇದು ನೋಡೋಕೆ ಏನೂ ಆಗದ ಹಾಗಿರುತ್ತೆ, ಎಲ್ಲಾ ಫೈಲೂ ಎಲ್ರಿಗೂ ಓಪನ್ ತಾನೇ. ಮುಂದಿನ ಕಮಾಂಡಿಗೆ ಸುಡೊ ಅಂದ್ರೆ, ಸೆಟ್‌ಯುಐಡಿ ಬಿಟ್ (ರೂಟ್ ಅಧಿಕಾರದಲ್ಲಿ ಓಡೋಕೆ ಬೇಕಾದ ಗುರುತು) ಇಲ್ಲ ಅಂತ ಸುಡೊನೇ ಕೈ ಎತ್ತಿತು, 777 ಕೊಟ್ಟಾಗ ಆ ಬಿಟ್ಟೂ ಅಳಿಸಿ ಹೋಗಿರುತ್ತೆ. ರೀಸ್ಟಾರ್ಟ್ ಮಾಡಿದ್ರೆ ಎಸ್‌ಎಸ್‌ಎಚ್ ಸರ್ವೀಸೇ ಏಳಲ್ಲ, ಹೋಸ್ಟ್ ಕೀ ಫೈಲು ಲೋಕಕ್ಕೆಲ್ಲಾ ಓಪನ್ ಇದೆ, ಇಂಥ ಕೀ ನಾನು ಮುಟ್ಟಲ್ಲ ಅಂತ ನಿಂತುಬಿಡುತ್ತೆ. ಮೇಡಂ ಅವನನ್ನ ಬೈಲಿಲ್ಲ, ಪ್ರೊಜೆಕ್ಟರಿಗೆ ಅವನ ಕನ್ಸೋಲ್ ಹಾಕಿ ಎಲ್ಲರ ಹತ್ರನೂ ಓದಿಸಿದ್ರು, ಆಮೇಲೆ ಅವನು ಮೆನುಲಿ ಮೂರು ಒತ್ತಿದ, ಮಿಶಿನ್ ಹೊಸದಾಗಿ ಎದ್ದು ಬಂತು, ಅವನ ಪ್ರೋಗ್ರಾಮ್‌ಗಳೆಲ್ಲಾ ಹೋಮಲ್ಲಿ ಹಾಗೇ ಇದ್ವು. ಈಗ ಅದು ಲ್ಯಾಬಲ್ಲಿ ಒಂದು ಎಕ್ಸರ್ಸೈಜೇ ಆಗಿದೆ: ಬೇಕಂತ ಕೆಡಿಸಿ, ಯಾಕೆ ಕೆಟ್ಟಿತು ಅಂತ ರೆಕಾರ್ಡಲ್ಲಿ ಬರೀರಿ. ಕನ್ಸೋಲಿಂದ ಹೊರಗೆ ಬರೋಕೆ ಕಂಟ್ರೋಲ್ ಜೊತೆ ಬಲಗಡೆ ಚೌಕ ಬ್ರಾಕೆಟ್ ಒತ್ಬೇಕು ಅನ್ನೋದು ಮಾತ್ರ ಯಾರಿಗೂ ನೆನಪಿರಲ್ಲ, ಪ್ರತಿ ಪಿಸಿ ಮೇಲೂ ಚೀಟಿ ಅಂಟಿಸಿದಾರೆ.

ಈಗ ಹೊಸದಾಗಿ ಕೆಟ್ಟಿದ್ದು. ಜುಲೈ ತಿಂಗಳು, ಸಕಲೇಶಪುರ ಕಡೆ ಮಳೆ ಹಿಡಿದ್ರೆ ಹಾಸನದಲ್ಲೂ ಕರೆಂಟ್ ಹೋಗೋದು ಬರೋದು ಇದ್ದಿದ್ದೇ. ಯುಪಿಎಸ್ ಬ್ಯಾಟರಿ ಹಳೇದು, ಹತ್ತು ನಿಮಿಷ ತಡೆಯುತ್ತೆ. ಕರೆಂಟ್ ಹೋಯ್ತು, ಯುಪಿಎಸ್ ಕೂಗ್ತು, ಯಾರೋ ಓಡಿ ಹೋಗಿ ಸರ್ವರಿಗೆ ಶಟ್‌ಡೌನ್ ಕೊಟ್ರು. ಸರ್ವರ್ ಆಫ್ ಆಗೋಕೇ ಒಪ್ಪಲಿಲ್ಲ, ಯುಪಿಎಸ್ ಸತ್ತೋಯ್ತು, ಎಲ್ಲಾ ಧಡಾರ್ ಅಂತ ಬಿತ್ತು. ಮಾರನೇ ದಿನ ಕೆಲವು ಹೋಮ್ ಡಿಸ್ಕಿಗೆ ಎಫ್‌ಎಸ್‌ಸಿಕೆ ಓಡಿಸಿ ರಿಪೇರಿ ಮಾಡ್ಬೇಕಾಯ್ತು. ಯಾಕೆ ಆಫ್ ಆಗ್ಲಿಲ್ಲ ಅಂತ ನೋಡಿದ್ರೆ, ಹೋಸ್ಟ್ ಆಫ್ ಆಗೋವಾಗ ವಿಎಂಗಳನ್ನ ಮರ್ಯಾದೆಯಿಂದ ಮಲಗಿಸೋಕೆ ಲಿಬ್‌ವರ್ಟ್-ಗೆಸ್ಟ್ಸ್ ಅಂತ ಒಂದು ಸರ್ವೀಸ್ ಇದೆ. ಅದು ಸುಮ್ನೆ ಬಿಟ್ಟರೆ ಒಂದಾದ ಮೇಲೆ ಒಂದು ಆಫ್ ಮಾಡುತ್ತೆ, ಒಂದೊಂದಕ್ಕೂ 300 ಸೆಕೆಂಡ್ ತನಕ ಕಾಯುತ್ತೆ. ಸರಿಯಾಗಿರೋ ಮಿಶಿನ್ ಐದಾರು ಸೆಕೆಂಡಲ್ಲಿ ಆಫ್ ಆಗುತ್ತೆ, ಆದ್ರೆ ನಾವೇ ಹುಡುಗ್ರಿಗೆ ಕೆಡಿಸ್ರಪ್ಪ ಅಂತ ಹೇಳಿದೀವಲ್ಲ! ಎರಡು ಮಿಶಿನ್ ಗ್ರಬ್ ಪ್ರಾಂಪ್ಟಲ್ಲಿ ನಿಂತಿದ್ವು, ಗ್ರಬ್ಬಲ್ಲಿ ನಿಂತಿರೋ ಮಿಶಿನ್ನಿಗೆ ಪವರ್ ಬಟನ್ ಒತ್ತಿದ ಸುದ್ದಿ ಕೇಳ್ಸೋದೇ ಇಲ್ಲ. ಎರಡು ಸಲ ಐದು ನಿಮಿಷ, ಅಲ್ಲಿಗೆ ಯುಪಿಎಸ್ ಕಥೆ ಮುಗೀತು.

ಈಗ ಒಂದೇ ಸಲಕ್ಕೆ ಹತ್ತತ್ತು ಮಿಶಿನ್ ಆಫ್ ಆಗೋ ಹಾಗೆ ಪ್ಯಾರಲಲ್ ಶಟ್‌ಡೌನ್ ಇಟ್ಟಿದೆ, ಒಟ್ಟು ಕಾಯೋದು 60 ಸೆಕೆಂಡ್, ಅಷ್ಟರಲ್ಲಿ ಆಫ್ ಆಗದವ್ರನ್ನ ಅವ್ರ ಪಾಡಿಗೆ ಬಿಡೋದು. ಯುಪಿಎಸ್ ಹಿಂದುಗಡೆ ಯುಎಸ್‌ಬಿ ಪೋರ್ಟ್ ಇತ್ತು, ತಂದಾಗಿಂದ ಅದಕ್ಕೆ ಯಾರೂ ಕೇಬಲ್ಲೇ ಸಿಕ್ಕಿಸಿರಲಿಲ್ಲ. ಕೇಬಲ್ ಹಾಕಿ ನಟ್ ಅನ್ನೋ ಯುಪಿಎಸ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ಮೇಲೆ ಬ್ಯಾಟರಿ ಕಮ್ಮಿ ಆದ್ರೆ ಸರ್ವರ್ ತಾನೇ ಆಫ್ ಆಗುತ್ತೆ, ಯಾರೂ ಓಡ್ಬೇಕಿಲ್ಲ. ಜೊತೆಗೆ ಲ್ಯಾಬ್ ಮುಗಿಯೋ ಹೊತ್ತಿಗೆ ಕ್ರಾನ್ (ಗೊತ್ತು ಮಾಡಿದ ಟೈಮಿಗೆ ಕಮಾಂಡ್ ಓಡ್ಸೋ ಸರ್ವೀಸ್) ಒಂದು "ವಿಎಂ ಆರ್ಸು" ಓಡಿಸುತ್ತೆ, ಇಲ್ಲಾಂದ್ರೆ ಹುಡುಗ್ರು ಆನ್ ಮಾಡಿಟ್ಟೇ ಬಸ್ ಹತ್ತಿ ಹೋಗ್ತಾರೆ.

ಇನ್ನೊಂದು ದೊಡ್ಡ ಏಟು ಬಿದ್ದಿದ್ದು ದಸರಾ ರಜೇಲಿ. ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಹುಡುಗ ಒಳ್ಳೆ ಮನಸ್ಸಿಂದ ಬೇಸ್ ಮಿಶಿನ್ ಆನ್ ಮಾಡಿ ಅಪ್‌ಡೇಟ್ ಹೊಡೆದ. ಕೆಳಗಿನ ಫೈಲ್ ಬದಲಾದ್ರೆ ಮೇಲಿನ ಓವರ್‌ಲೇಗಳೆಲ್ಲಾ ಅರ್ಥ ಇಲ್ಲದ ಕಸ, ಅರವತ್ತೂ ಒಟ್ಟಿಗೆ ಹೋದ್ವು. ಹುಡುಗ್ರ ಮಿಶಿನ್ ಒಂದಾದ್ರೂ ಓಡ್ತಿದ್ದಿದ್ರೆ ಕ್ಯೂಎಮು ಬೇಸ್ ಫೈಲಿಗೆ ಲಾಕ್ ಇದೆ ಅಂತ ತಡೀತಿತ್ತು, 2.10 ವರ್ಷನ್ನಿಂದ ಆ ಕಾವಲು ಇದೆ, ರಜೆ ಆಗಿದ್ರಿಂದ ಎಲ್ಲಾ ಆಫ್, ತಡೆಯೋಕೆ ಯಾರೂ ಇರಲಿಲ್ಲ. ಆ ಹುಡುಗನ್ನ ಏನೂ ಅನ್ನೋ ಹಾಗಿಲ್ಲ, ವರ್ಟ್-ಮ್ಯಾನೇಜರ್ ಪಟ್ಟಿಲಿ ಬೇಸ್ ಅಂತ ಒಂದು ಮಿಶಿನ್ ಕಾಣ್ತಿತ್ತು, ಪಕ್ಕದಲ್ಲಿ ಪ್ಲೇ ಬಟನ್ ಇತ್ತು, ಯಾರಾದ್ರೂ ಒತ್ತುತಾರೆ. ಈಗ ಬೇಸ್ ಪಟ್ಟಿಲೇ ಇಲ್ಲ, ಅನ್‌ಡಿಫೈನ್ ಮಾಡಿ ಫೈಲ್ ಬೇರೆ ಫೋಲ್ಡರಲ್ಲಿಟ್ಟಿದೆ. ಅಪ್‌ಡೇಟ್ ಬೇಕಂದ್ರೆ ಹಳೇದನ್ನ ಮುಟ್ಟಲ್ಲ, ತಿಂಗಳ ಹೆಸರಲ್ಲಿ ಹೊಸ ಬೇಸ್ ಫೈಲ್ ಆಗುತ್ತೆ, ಮುಂದೆ ಯಾರು ಬಿಸಾಕಿ ಹೊಸದು ತಗೊಳ್ತಾರೋ ಅವ್ರಿಗೆ ಹೊಸ ಬೇಸು, ಹಳಬರು ಹಳೇದ್ರ ಮೇಲೇ ಇರ್ತಾರೆ. ರಜೆ ಮುಗಿಸಿ ಬಂದ ಹುಡುಗ್ರಿಗೆ ಗೊತ್ತೇ ಆಗ್ಲಿಲ್ಲ ಅನ್ನೋದು ಎರಡು ಡಿಸ್ಕ್ ಇಟ್ಟಿದ್ದಕ್ಕೆ ಸಿಕ್ಕ ಸಂಬಳ, ಎಲ್ಲರ ಸಿಸ್ಟಮ್ ಡಿಸ್ಕೂ ಬಿಸಾಕಿ ಹೊಸದು ಮಾಡಿದ್ದಷ್ಟೇ, ಒಂದೇ ಕಮಾಂಡು.

ರ‍್ಯಾಮ್ ಬಗ್ಗೆ ಸುಮಾರು ಜನ ಕೇಳಿದ್ರು. ಒಂದು ಬ್ಯಾಚ್ ಮೂವತ್ತು ಜನ, ತಲಾ ಒಂದೂವರೆ ಜಿಬಿ, 45 ಜಿಬಿ ಆಯ್ತು, 64ರಲ್ಲಿ ಕೂರುತ್ತೆ. ಮೇಲಿಂದ ಕೆಎಸ್‌ಎಂ ಆನ್ ಮಾಡಿದೀವಿ, ಕರ್ನಲ್ 2.6.32 ಕಾಲದಿಂದ ಇರೋದು, ಬೇರೆ ಬೇರೆ ವಿಎಂಗಳ ಮೆಮೊರಿಲಿ ಒಂದೇ ತರದ ಪೇಜ್ ಇದ್ರೆ ಒಂದೇ ಕಾಪಿ ಇಟ್ಕೊಳುತ್ತೆ, ಎಲ್ಲಾ ಮಿಶಿನ್ನೂ ಒಂದೇ ಡೆಬಿಯನ್ ಆಗಿರೋದ್ರಿಂದ ಒಳ್ಳೆ ಉಳಿತಾಯ. ಸ್ವಲ್ಪ ಸಿಪಿಯು ತಿನ್ನುತ್ತೆ. ಹೊರಗಿನವ್ರಿಗೆ ಬಾಡಿಗೆ ಕೊಡೋ ಸರ್ವರಲ್ಲಿ ಇದನ್ನ ಹಾಕ್ಬೇಡಿ, ಒಂದು ವಿಎಂಯಿಂದ ಇನ್ನೊಂದರ ಮೆಮೊರಿಲಿ ಏನಿದೆ ಅಂತ ಟೈಮಿಂಗ್ ನೋಡಿ ಊಹೆ ಮಾಡೋ ದಾರಿಗಳಿವೆ. ಲ್ಯಾಬಲ್ಲಿ ಹುಡುಗ್ರು ಅಷ್ಟು ಮಾಡಿದ್ರೆ ಇಂಟರ್ನಲ್ಸಲ್ಲಿ ಫುಲ್ ಮಾರ್ಕ್ಸ್ ಕೊಡ್ಲಿ.

ಸ್ಕ್ರಿಪ್ಟ್ ಬಗ್ಗೆ ನಂಗೆ ಏನೂ ಭ್ರಮೆ ಇಲ್ಲ. ಇನ್ನೂ ಉದ್ದ ಆದ್ರೆ ಬ್ಯಾಶಲ್ಲಿ ಸಂಭಾಳ್ಸೋದು ಕಷ್ಟ, ಲಿಬ್‌ವರ್ಟಿಗೆ ಪೈಥಾನ್ ಲೈಬ್ರರಿ ಇದೆ, ಅದಕ್ಕೆ ಹೋಗ್ಬೇಕು. ವರ್ಶ್ ಕೊಡೋ ಟೇಬಲ್ಲನ್ನ ಕತ್ತರಿಸಿ ಓದೋ ಅಭ್ಯಾಸ ಇದ್ರೆ ಬಿಡಿ, ಸ್ಕ್ರಿಪ್ಟಿಗೆ ಅಂತಲೇ ಬರೀ ಹೆಸರು ಕೊಡೋ ಆಪ್ಷನ್ ಇದೆ, ಅದನ್ನೇ ಬಳಸಿ. ಚಿಕ್ಕಮಗಳೂರಿನ ಇನ್ನೊಂದು ಕಾಲೇಜಿನವ್ರು ಇದನ್ನೇ ಕೇಳಿ ತಗೊಂಡ್ರು, ಅಲ್ಲಿ ಮೇಡಂ ಇಲ್ಲ, ಸರ್ ಒಬ್ರಿದಾರೆ, ಅವ್ರಿಗೆ ಕನ್ನಡ ಪದ ಬೇಡ ಅಂತೆ, ಇಂಗ್ಲಿಷಲ್ಲೂ ಇರಲಿ ಅಂತ ಎರಡೂ ಇಟ್ಟಿದೆ. ಅವ್ರ ಬೇಡಿಕೆ ಇನ್ನೊಂದಿದೆ, ಲ್ಯಾಬ್ ಎಕ್ಸಾಮ್ ದಿನ ಎಲ್ರಿಗೂ ಖಾಲಿ ಹೋಮ್ ಡಿಸ್ಕ್ ಹಾಕಿ, ಟೈಮ್ ಮುಗಿದ ತಕ್ಷಣ ಆಫ್ ಮಾಡಿ, ಆ ಡಿಸ್ಕ್‌ಗಳನ್ನ ಎಕ್ಸಾಮಿನರಿಗೆ ಓದೋಕೆ ಮಾತ್ರ ಸಿಗೋ ಹಾಗೆ ಎತ್ತಿಡ್ಬೇಕು. ಡಿಸ್ಕ್ ಬೇರೆ ಇರೋದ್ರಿಂದ ಮಾಡೋದು ಕಷ್ಟ ಇಲ್ಲ. ಎಕ್ಸಾಮ್ ಮಧ್ಯೆ ಯಾರಾದ್ರೂ ಬಿಸಾಕು ಒತ್ತಿದ್ರೆ ಒಪ್ಪಬೇಕಾ ಬೇಡ್ವಾ ಅಂತ ಸರ್ ಇನ್ನೂ ತೀರ್ಮಾನ ಹೇಳಿಲ್ಲ, ನಮ್ಮ ಹಾಸನದ ಮೇಡಂ ಕೇಳಿದ್ರೆ "ಒತ್ಲಿ ಬಿಡಿ ಸಾರ್, ಟೈಮ್ ಅವನದ್ದು ತಾನೇ ಹೋಗೋದು" ಅಂತಾರೆ.